ಎಲ್ಲದಕ್ಕೂ ‘ಸುಳ್ಳು’ ಅನ್ನು ಎಂದವನು ನಾನು

ವೆಂಕಟರವಣಪ್ಪ, ಅವತ್ತು ಕಟಕಟೆಯಲ್ಲಿ ನಿನ್ನ ಬಾಯಿಂದ ಬಂದ ಮಾತು ನಿನ್ನದಲ್ಲ, ನನ್ನದು. ಅದನ್ನು ನಿನ್ನ ತಾಯಿಗೆ ಹೇಳದೆ ಮುಚ್ಚಿಟ್ಟವನೂ ನಾನೇ.

ಹೋದ ವಾರ ನೀನು ಬೈರಕೂರಿನಿಂದ ಮುಳಬಾಗಿಲಿಗೆ ಬಂದು, ಅಮ್ಮನ ತಿಥಿಗೆ ಕರೆದು, ನನ್ನ ಕಾಲು ಮುಟ್ಟಿದೆ. “ಜೈಲಿಂದ ಬಿಡಿಸಿದ ದೇವ್ರು ಸಾಮಿ ನೀವು” ಅಂದೆ. ಆಮೇಲೆ ಬಾಗಿಲಲ್ಲಿ ನಿಂತು, ನಿನಗೆ ನೀನೇ ಹೇಳಿಕೊಂಡಂತೆ — “ಸಾಯೋಗಂಟ ನನ್ ಜತೆ ಮಾತಾಡ್ಲಿಲ್ಲ ಅಮ್ಮ. ಯಾಕೋ…” ಆ ಯಾಕೋ ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಕಾಫಿ ತರಿಸಿದೆ.

ಮಾವಿನ ತೋಟದ ಜಗಳ ಅದು. ನಿನ್ನ ತಮ್ಮ ಮುನಿರಾಜ ಕುಡುಗೋಲು ಎತ್ತಿದ, ನೀನು ಕಿತ್ತುಕೊಳ್ಳಲು ಹೋದೆ, ಅವನು ಜಾರಿ ಬಾವಿಕಲ್ಲಿಗೆ ತಲೆ ಹೊಡೆದುಕೊಂಡ. ಹೆಗಲ ಮೇಲೆ ಹೊತ್ತುಕೊಂಡು ರಸ್ತೆಗೆ ಓಡಿದವನೂ ನೀನೇ. ಪೊಲೀಸರು ನೀನೇ ತಳ್ಳಿ ಕೊಂದೆ ಅಂದರು. “ನಡೆದಿದ್ದು ನಡೆದಂಗೆ ಹೇಳ್ಬಿಡ್ತೀನಿ ಸಾಮಿ” ಎಂದು ನೀನು ಗೋಗರೆದೆ. ನಾನು ಬೇಡ ಅಂದೆ. ನಡೆದದ್ದನ್ನು ಕಣ್ಣಾರೆ ನೋಡಿದವರು ಯಾರೂ ಇರಲಿಲ್ಲ. ನೀನು ಬಾಯಿ ಬಿಡದಿದ್ದರೆ ಕೇಸು ನಿಲ್ಲುತ್ತಿರಲಿಲ್ಲ. ಆ ಸಲಹೆ ಸರಿಯಾಗಿತ್ತೆಂದು ಇವತ್ತೂ ವಾದಿಸಬಲ್ಲೆ — ವಾದಿಸುವುದಿಲ್ಲ.

ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜು ಆರೋಪಿಯನ್ನೇ ಕೇಳುತ್ತಾರೆ: ನಿನ್ನ ವಿರುದ್ಧ ಹೀಗೆ ಹೇಳಿದ್ದಾರೆ, ನೀನೇನು ಹೇಳುತ್ತೀಯ? ಉತ್ತರ ಆರೋಪಿಯೇ ಕೊಡಬೇಕು. ನಮ್ಮ ವಕೀಲರಲ್ಲಿ ಅದಕ್ಕೊಂದು ರೂಢಿ ಇದೆ — ಎಲ್ಲದಕ್ಕೂ ‘ಸುಳ್ಳು’ ಅನ್ನು ಎಂದು ಕಲಿಸಿ ಕಳಿಸುವುದು. ಸಂಬಂಧ, ಊರು ಕೇಳಿದರೆ ಮಾತ್ರ ನಿಜ ಅನ್ನು ಎಂದೂ ಸೇರಿಸಬೇಕು. ನಾನು ಸೇರಿಸಲಿಲ್ಲ. ಕೋಲಾರದ ಕೋರ್ಟಿನ ಮೆಟ್ಟಿಲ ಮೇಲೆ, ಇನ್ನೊಂದು ಕೇಸಿನ ಅವಸರದಲ್ಲಿ, ಇಷ್ಟೇ ಹೇಳಿದೆ: “ಏನ್ ಕೇಳಿದ್ರೂ ಸುಳ್ಳು ಅನ್ನು. ತಿಳೀತಾ?”

ಭಯಕ್ಕೆ ನಿನ್ನ ಕಿವಿಯೇ ಮುಚ್ಚಿತ್ತು. ಪ್ರಶ್ನೆ ಕೇಳುತ್ತಿದ್ದವರು ಜಡ್ಜು, ನೀನು ನೋಡುತ್ತಿದ್ದದ್ದು ನನ್ನ ಮುಖ.

“ಸತ್ತ ಮುನಿರಾಜ ನಿನ್ನ ಒಡಹುಟ್ಟಿದ ತಮ್ಮ ಎಂದು ನಿನ್ನ ತಾಯಿ ಹೇಳಿದ್ದಾರೆ. ಏನು ಹೇಳುತ್ತೀಯ?”

“ಸುಳ್ಳು.”

ಜಡ್ಜು ತಲೆಯೆತ್ತಿದರು. ಸರಿಯಾಗಿ ಕೇಳಿಸಿಕೊಂಡೆಯಾ ಎಂದು ಮತ್ತೆ ಕೇಳಿದರು. ನೀನು ನನ್ನ ಕಡೆ ನೋಡಿದೆ. ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು — ಹೇಳಿದರೆ ಕಲಿಸಿದ್ದು ಬಯಲಾಗುತ್ತದೆ, ಪಕ್ಕದ ವಕೀಲರು ನಗುತ್ತಾರೆ… ನಾನು ಹೂಂ ಎಂದು ತಲೆಯಾಡಿಸಿದೆ.

“ಸುಳ್ಳು ಸಾಮಿ” ಅಂದೆ ನೀನು.

ಹಿಂದಿನ ಬೆಂಚಿನಲ್ಲಿ ನಿನ್ನ ತಾಯಿ ಕೂತಿದ್ದರು. ಕಾವಲಿನ ಪೊಲೀಸರನ್ನು ಬೇಡಿಕೊಂಡು ನಿನಗೆ ಉಣ್ಣಿಸಬೇಕೆಂದು ಮುದ್ದೆ, ಸಾರು ಕಟ್ಟಿಕೊಂಡು ಬಂದಿದ್ದರು. ಸೆರಗಿನಲ್ಲಿ ಬುತ್ತಿ ಹಿಡಿದು ಹೊರಗೆ ನನ್ನನ್ನು ತಡೆದರು.

“ಲಾಯರಪ್ಪಾ, ಒಂದೇ ಹೊಟ್ಟೇಲಿ ಹುಟ್ಟಿದೋನ್ನ ತಮ್ಮನೇ ಅಲ್ಲ ಅಂದ್ಬಿಟ್ನಲ್ಲ. ನೀವೇನಾದ್ರೂ ಹೇಳ್ಕೊಟ್ರಾ?”

ಎಷ್ಟು ನೇರವಾಗಿ ಕೇಳಿದರು ನೋಡು. ನಾನೂ ಅಷ್ಟೇ ನೇರವಾಗಿ ಹೇಳಿದೆ: “ನಾನ್ಯಾಕೆ ಹೇಳ್ಕೊಡ್ಲಿ ಅಮ್ಮ? ಅದು ಅವನ ಮಾತು.”

“ಅಟ್ಲಾನಾ” ಅಂದರು, ತಮ್ಮ ಮನೆಮಾತಿನಲ್ಲಿ. ಹಾಗಾ ಎಂದು. ಬುತ್ತಿ ಬಿಚ್ಚಲಿಲ್ಲ. ಹಾಗೇ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಿನಗೆ ಬಿಡುಗಡೆಯಾದಾಗ ಅವರು ಶ್ರೀನಿವಾಸಪುರದ ಮಗಳ ಮನೆ ಸೇರಿಯಾಗಿತ್ತು.

ಆ ಕೇಸಿನಿಂದ ನನಗೆ ಹೆಸರು ಬಂತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಕಕ್ಷಿದಾರರಿಗೆ ತಮಾಷೆ ಮಾಡುತ್ತಿದ್ದೆ. ನಿನ್ನ ಮುಖ ಕಂಡ ದಿನ ಮಾತ್ರ ಆ ಗಾದೆ ಬಾಯಿಗೆ ಬರುತ್ತಿರಲಿಲ್ಲ. ಈಗ ಆಫೀಸಿಗೆ ಯಾರೂ ಬರುವುದಿಲ್ಲ. ಹೆಂಡತಿ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಇಡೀ ದಿನ ಒಂದು ಮಾತೂ ಆಡದೆ ಕೂತಾಗ ನಿನ್ನ ತಾಯಿಯ ನೆನಪಾಗುತ್ತದೆ — ಮಗನಿದ್ದೂ ಮಾತಿಲ್ಲದೆ ಅವರು ಕಳೆದ ವರ್ಷಗಳು. ಶ್ರೀನಿವಾಸಪುರ ದೂರವೇನಲ್ಲ. ಯಾವ ದಿನವಾದರೂ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ನಾಳೆ ತಿಥಿ. ಬರುತ್ತೇನೆ, ಎಲೆಗೆ ಕೂರುವುದಿಲ್ಲ. ನಿನ್ನ ಅಕ್ಕ, ನೆಂಟರು ಎಲ್ಲ ಇರುವಾಗಲೇ ಅಂಗಳದಲ್ಲಿ ನಿಂತು ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಕೇಳು, ವೆಂಕಟರವಣಪ್ಪ — ನಮ್ಮಮ್ಮ ನಿಮ್ಮನ್ನ ಕೇಳಿದ್ದಳಾ ಎಂದು ಕೇಳು.

ಕೇಳಿದ್ದರು.