ಗಂಡ ಬಸ್ಸು ಅಂದರು, ಹೆಂಡತಿ ದೀಪ ಅಂದಳು

"ನಮ್ ಗಂಜಾಂಗೇ ಬಸ್ ಬುಡುಸ್ತೀವಿ ಕಣಮ್ಮ, ನಿಮ್ ಮಗ್ಳು ಇನ್ಮೇಲೆ ಕತ್ಲಲ್ಲಿ ನಡ್ಯಂಗಿಲ್ಲ" ಎಂದು ಹೇಳಿ, ಓಟು ಕೇಳಲು ಬಂದಿದ್ದವರು ಪಕ್ಕದ ಮನೆಗೆ ಹೋದರು. ಪುರಸಭೆ ಚುನಾವಣೆಗೆ ನಿಂತಿದ್ದವಳು ಅವರ ಹೆಂಡತಿ. ಅವರ ಹಿಂದೆ ನಿಂತಿದ್ದ ಆಕೆ, ಗಂಡ ಮರೆಯಾದದ್ದೇ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಬಸ್ಸು ಬತ್ತದೋ ಇಲ್ವೋ ನಂಗೊತ್ತಿಲ್ಲ. ಈ ದಾರೀಲಿ ನಾನೂ ನಡ್ಯೋಳೇ. ಎಲ್ಡು ಲೈಟು, ಚರಂಡಿ ಮೇಲೆ ಚಪ್ಪಡಿ ಆಕ್ಸುದ್ರೆ ಸಾಕು ಅಂತೀನಿ. ಮನೇಲಿ ಯೋಳುದ್ರೆ ನಗ್ತಾರೆ. ನೀವೇನಂತೀರಿ?"

ಮೈಸೂರಿನ ಕಾಲೇಜಿನಿಂದ ಬರುವ ಮಗಳು ಬಸ್ ಸ್ಟ್ಯಾಂಡಿನಿಂದ ಒಬ್ಬಳೇ ನಡೆದು ಬರಬೇಕು. ಅವಳು ಒಳಗೆ ಕಾಲಿಡುವವರೆಗೂ ನನ್ನ ಜೀವ ಬಾಗಿಲಲ್ಲೇ ಇರುತ್ತದೆ. ಆಕೆಗೆ ಕುಂಕುಮ ಕೊಟ್ಟು ಕಳಿಸಿದೆ.

ಓಟಿನ ದಿನ ಮುದ್ರೆ ಹಿಡಿದು ನಿಂತೆ. ಕಾಗದದ ಮೇಲಿರುವುದು ಆಕೆಯ ಹೆಸರು, ಗೆದ್ದರೆ ನಡೆಯುವುದು ಯಾರ ಮಾತು? ನಿಮಿಷಾಂಬೆಯನ್ನು ನೆನೆದು ಆಕೆಯ ಹೆಸರಿನ ಮುಂದೆಯೇ ಒತ್ತಿಬಿಟ್ಟೆ.

ಆಕೆ ಗೆದ್ದಳು. ಮೆರವಣಿಗೆ ನಮ್ಮ ಬೀದಿಗೆ ಬಂದಾಗ ಜೀಪಿನಲ್ಲಿ ಹಾರ ಹಾಕಿಕೊಂಡು ನಿಂತಿದ್ದವರು ಗಂಡ. ಆಕೆ ಎಲ್ಲೂ ಕಾಣಲಿಲ್ಲ. ನಾನು ಗೆಲ್ಲಿಸಿದ್ದು ಯಾರನ್ನು ಎಂದು ಇನ್ನೂ ತಿಳಿಯುತ್ತಿಲ್ಲ. ಮಗಳು ಇವತ್ತೂ ಅದೇ ಕತ್ತಲಲ್ಲಿ ನಡೆದು ಕ್ಷೇಮವಾಗಿ ಮನೆ ಸೇರಿದಳು, ಸದ್ಯ.