ಕೆರೆಯಂಗಳದ ಐದು ಕುದುರೆಗಳು

ಕುದುರೆಗಳಿಗೆ ಮೂಗುದಾರ ಹಾಕುವುದೆಂದು ನಮ್ಮೂರ ಹಿರಿಯರು ತೀರ್ಮಾನಿಸಿದ ದಿನ ನಾನು ನಗಬಾರದಾಗಿತ್ತು. ನಕ್ಕುಬಿಟ್ಟೆ. ಊರ ಕಟ್ಟೆಯ ಮೇಲೆ ಅಂದು ಸೇರಿದ್ದ ಹೆಂಗಸು ನಾನೊಬ್ಬಳೇ. ನನ್ನ ಗೋವಿನಜೋಳವನ್ನೂ ಕುದುರೆಗಳು ತುಳಿದಿದ್ದವಾದ್ದರಿಂದ, ನಾನೂ ಎರಡು ಬೈಗುಳ ಬೈದು ಹೋಗಲಿ ಎಂದು ಕರೆಸಿದ್ದರು. ಮೂಗು ಚುಚ್ಚುವ ಕೆಲಸವನ್ನು ಒಪ್ಪಿಸಿದ್ದು ನಮ್ಮಪ್ಪನಿಗೆ. ಹಾಗಾಗಿ ನನ್ನ ನಗೆ ನೇರವಾಗಿ ಹೋಗಿ ತಾಗಿದ್ದೂ ಅವನಿಗೇ.

"ಯಾಕ ನಗತೀಯವಾ?" ಎಂದರು ಸಭೆಯ ಹಿರಿಯರು.

"ಕುದುರಿಗೆ ಮೂಗದಾರ ಹಾಕಿದ್ದು ಎಲ್ಲ್ಯರ ನೋಡೀರೇನ್ರಿ?" ಎಂದೆ.

"ನಾವು ನೋಡಿಲ್ಲ. ನೀ ಬಾಳ ತಿಳದಾಕಿ ಅದೀ. ಹಂಗಾರ ನೀನ ಪಳಗಸು."

ಎಲ್ಲರೂ ನಕ್ಕರು. ಈ ಸಲ ಅಪ್ಪನೂ ನಕ್ಕ. ನನಗೆ ಸಿಟ್ಟು ಬಂದರೆ ಹಿಂದುಮುಂದು ನೋಡುವವಳಲ್ಲ. "ಆತು, ಪಳಗಸ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಎದ್ದು ಬಂದೆ. ಮುಂಗಾರಿನ ಬಿತ್ತನೆಯೊಳಗೆ ಕುದುರೆಗಳು ಹೊಲಕ್ಕೆ ನುಗ್ಗದ ಹಾಗೆ ಮಾಡಿದರೆ ಅವು ಇಲ್ಲೇ ಇರಬಹುದು, ಆಗದಿದ್ದರೆ ಇಟ್ಟಿಗೆ ಭಟ್ಟಿಗಳಿಗೆ ಕುದುರೆ ಒದಗಿಸುವ ವ್ಯಾಪಾರಿಯ ಲಾರಿಗೆ ಹತ್ತಿಸುವುದು, ಎಂದು ಮಾತಾಯಿತು. ಈ ಮಾತನ್ನು ನೆನಪಿಟ್ಟುಕೊಂಡವಳು ಮುಂದೆ ನಾನೊಬ್ಬಳೇ ಆದೆ.

ಗುಡ್ನಾಪುರದ ಕೆರೆ ಬೇಸಿಗೆಗೆ ಹಿಂದೆ ಸರಿದಾಗ ತೆರೆದುಕೊಳ್ಳುವ ಹುಲ್ಲಿನ ನೆಲಕ್ಕೆ ನಾವು ಕೆರೆಯಂಗಳ ಎನ್ನುತ್ತೇವೆ. ಹಾವೇರಿ ಕಡೆಯ ಕುರಿಗಾರರು ವರ್ಷವೂ ಬಂದು ನಮ್ಮ ಹೊಲಗಳಲ್ಲಿ ಮಂದೆ ನಿಲ್ಲಿಸಿ ಹೋಗುತ್ತಾರೆ. ಅವರ ಗಂಟುಮೂಟೆ ಹೊರುವುದು ಗಿಡ್ಡ ಜಾತಿಯ ಕುದುರೆಗಳು. ಹಲವು ವರ್ಷಗಳ ಹಿಂದೆ ಕಾಲು ಕುಂಟಾದ ಒಂದು ಹೆಣ್ಣನ್ನೂ ವಯಸ್ಸಾದ ಒಂದು ಗಂಡನ್ನೂ ಅವರು ಇಲ್ಲೇ ಬಿಟ್ಟು ನಡೆದರು. ಅವೆರಡೂ ಈಗಿಲ್ಲ. ಇರುವುದು ಅವುಗಳ ಸಂತಾನ, ಒಟ್ಟು ಐದು. ಮೈಮೇಲೆ ಹಗ್ಗವಾಗಲಿ ಮನುಷ್ಯನ ಕೈಯಾಗಲಿ ಬಿದ್ದಿದ್ದೇ ಇಲ್ಲ. ಇವು ಕಾಡುಪ್ರಾಣಿ ಅಲ್ಲ ಎಂದು ಫಾರೆಸ್ಟಿನವರು ಹೇಳಿದರು. ಸಾಕುಪ್ರಾಣಿಯಾದರೆ ಮಾಲಕರು ಯಾರು ಎಂದು ಪಂಚಾಯಿತಿಯವರು ಕೇಳಿದರು. ಯಾರ ಪಟ್ಟಿಯಲ್ಲೂ ಇಲ್ಲದ ಆ ಐದು ಜೀವಗಳು ಹೊಲದ ಬದುವಿಗೆ ಬಂದಾಗ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತಿದ್ದವು.

ನನಗೆ ಕುದುರೆಯ ವಿಷಯ ಏನೂ ತಿಳಿದಿರಲಿಲ್ಲ. ಗೊತ್ತಿದ್ದದ್ದು ಅಪ್ಪ ಹೋರಿ ಪಳಗಿಸುವ ಬಗೆ. ಸುತ್ತಲಿನ ಊರುಗಳಲ್ಲಿ ಎಂಥ ಹೋರಿ ಕೆರಳಿದರೂ ಅಪ್ಪನಿಗೆ ಕರೆ ಬರುತ್ತಿತ್ತು. ಅವನು ಎದುರಿಗೆ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು ನಿಂತು, ಒಂದು ದನಿ ಹಾಕಿದನೆಂದರೆ ಹೋರಿ ನಿಂತಲ್ಲೇ ನಿಲ್ಲುತ್ತಿತ್ತು. ನಲವತ್ತು ವರ್ಷಗಳಲ್ಲಿ ಒಂದು ಪ್ರಾಣಿಯೂ ತನ್ನ ದನಿ ಮೀರಿಲ್ಲ ಎಂದು ಅವನಿಗೆ ಸೊಕ್ಕು. ನನ್ನನ್ನು ನಮ್ಮೂರಲ್ಲೇ ಸೋದರಮಾವನ ಮಗನಿಗೆ ಕೊಟ್ಟಿದ್ದರಿಂದ ಆ ಸೊಕ್ಕನ್ನು ದಿನವೂ ನೋಡುವ ಭಾಗ್ಯ ನನ್ನದು. ನನ್ನಲ್ಲೂ ಅದು ಸಾಕಷ್ಟಿದೆ ಎಂದು ನನ್ನ ಗಂಡ ಹೇಳುತ್ತಾರೆ, ಅದು ಬೇರೆ ಮಾತು.

ಹಾಗಾಗಿ ನಾನು ಮಾಡಿದ್ದೂ ಅದನ್ನೇ. ಬುಟ್ಟಿಯಲ್ಲಿ ಹಿಂಡಿ ಹಿಡಿದು ಕೆರೆಯಂಗಳಕ್ಕೆ ಹೋಗುವುದು, ಗುಂಪಿನ ಮುಂದಾಳು ಕಂದು ಹೆಣ್ಣು ಕುದುರೆಯ ಎದುರಿಗೆ ನಿಲ್ಲುವುದು, ಕಣ್ಣಲ್ಲಿ ಕಣ್ಣಿಡುವುದು. ಅದು ಬಾಲ ಎತ್ತಿ ಓಡುತ್ತಿತ್ತು, ಉಳಿದ ನಾಲ್ಕೂ ಅದರ ಹಿಂದೆ. ಒಂದು ತಿಂಗಳು ಹೀಗೇ ಹಾಳಾಯಿತು. ಊರಿನವರು ಬದುವಿನ ಮೇಲೆ ಕೂತು ನೋಡಿ ಮಜಾ ತೆಗೆದುಕೊಂಡರು. ಮನೆಯಲ್ಲಿ ಗಂಡ, "ಕುದುರಿ ಬರೂದು ಆಮ್ಯಾಲೆ, ನೀ ಅಡಗಿಮನಿಗೆ ಯಾವಾಗ ಬರ್ತಿ?" ಎಂದರು. "ದಾರಿ ಗೊತ್ತೈತಲ್ರಿ, ನೀವ ಬಡಿಸಿಕೋರಿ" ಎಂದೆ. ಬಡಿಸಿಕೊಂಡರು, ಪಾಪ.

ದಾರಿ ತೋರಿಸಿದವರು ನಮ್ಮ ಕಡೆ ದನಕ್ಕೆ ಚುಚ್ಚುಮದ್ದು ಹಾಕಲು ಬರುವ ಡಾಕ್ಟರಮ್ಮ. ಸಿದ್ದಾಪುರದ ಬಿಳಗಿ ಕಡೆಯ ತೋಟದವರ ಮನೆಯ ಹುಡುಗಿ, ನನಗಿಂತ ಚಿಕ್ಕವರು. ನನ್ನ ಸಾಹಸವನ್ನು ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದರು.

"ಎಂತಕ್ಕೆ ಅದರ ಎದುರಿಗೆ ಹೋಗಿ ನಿಂತ್ಕತ್ರಿ ಅಕ್ಕಾ? ತಿನ್ನಲೆ ಬಂದಿದ್ರು ಅಂದ್ಕಳ್ತು ಅದು. ಬೆನ್ನು ಹಾಕಿ ಸುಮ್ನೆ ಕೂತ್ಕಳಿ. ಅದಾಗೇ ಬರವು. ಅವಸರ ಮಾಡಿರೆ ಆಗ್ತಿಲ್ಲೆ."

"ಮತ್ತ ಮೂಗದಾರ?"

"ಅದು ಮಾತ್ರ ಬ್ಯಾಡ. ಕುದ್ರೆ ಬಾಯಲ್ಲಿ ಉಸಿರಾಡ್ತಿಲ್ಲೆ, ಮೂಗೊಂದೇ ಅದಕ್ಕೆ."

ಮರುದಿನದಿಂದ ನಾನು ಕುದುರೆಗಳಿಗೆ ಬೆನ್ನು ಹಾಕಿ ಕೂತು ಹುಲ್ಲು ಕೊಯ್ಯತೊಡಗಿದೆ. ಎದ್ದು ಹೋಗುವಾಗ ಒಂದು ಹಿಡಿ ಹಸಿಹುಲ್ಲು, ಅದರ ಮೇಲೊಂದು ಜೋಳದ ರೊಟ್ಟಿ ಇಟ್ಟು, "ಬಾರವ್ವಾ, ಬಾ" ಎಂದು ಮೆಲ್ಲಗೆ ಹೇಳಿ, ತಿರುಗಿ ನೋಡದೆ ನಡೆಯುತ್ತಿದ್ದೆ. ತಿರುಗಿ ನೋಡದಿರುವುದೇ ಕಷ್ಟವಾಗಿತ್ತು, ಯಾಕೆಂದರೆ ನನ್ನದು ಯಾವಾಗಲೂ ಬಾಗಿಲ ಸಂದಿಯಲ್ಲಿ ಇಣುಕುವ ಬುದ್ಧಿ. ಹದಿನೈದು ದಿನಕ್ಕೆ ಕಂದು ಕುದುರೆ ನನ್ನ ಬೆನ್ನ ಹಿಂದೆ ಬಂದು ನಿಂತಿತು. ಅದರ ಬಿಸಿಯುಸಿರು ಕುತ್ತಿಗೆಗೆ ತಾಗಿತು. ನಾನು ಕುಡುಗೋಲು ಹಿಡಿದ ಕೈಯನ್ನು ಅಲ್ಲಾಡಿಸಲಿಲ್ಲ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ಜನ್ಮದಲ್ಲೇ ಮೊದಲು.

ಚೈತ್ರದ ಕೊನೆಗೆ ಕೆರೆ ತೀರಾ ಒಳಗೆ ಹೋಯಿತು. ನೀರಿಗಿಳಿದ ಕಂದು ಕುದುರೆ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತುಹೋಯಿತು. ನಾನು ಕೂಗಿದ್ದಕ್ಕೆ ಹತ್ತು ಜನ ಓಡಿಬಂದರು. ಬೈಯುವವರೇ ಆದರೂ ಜೀವ ಸಿಕ್ಕಿಬಿದ್ದಾಗ ಬರದೆ ಇರುವ ಊರಲ್ಲ ನಮ್ಮದು. ಮುಂದೆ ನಿಂತವನು ಅಪ್ಪ. ನಮ್ಮಲ್ಲಿ ದನವಾಗಲಿ ಎಮ್ಮೆಯಾಗಲಿ ಕೆಸರಿನ ಹುದುಲಲ್ಲಿ ಬಿದ್ದರೆ ಬಾಲದ ಬುಡ ಹಿಡಿದು ಹಿಂಭಾಗ ಎತ್ತುತ್ತಾರೆ. ದನ ಏಳುವುದೇ ಹಿಂಗಾಲಿನ ಮೇಲೆ. ಹಿಂಭಾಗ ಎದ್ದರೆ ಮುಂಭಾಗ ತಾನಾಗಿ ಬರುತ್ತದೆ. ಅಪ್ಪ ಬಾಲ ಹಿಡಿದ, ಉಳಿದವರು ತೊಡೆಗೆ ಕೈ ಕೊಟ್ಟರು. ಒಮ್ಮೆ ಎತ್ತಿದರು, ಎರಡು ಸಲ ಎತ್ತಿದರು. ಎತ್ತಿದಷ್ಟೂ ಕುದುರೆಯ ಮೂತಿ ಕೆಸರಿಗೆ ಇಳಿಯಿತು. ಅದರ ಮೂಗಿನ ಹೊಳ್ಳೆಯಲ್ಲಿ ಕೆಸರು ಗುಳುಗುಳು ಎಂದಿತು.

ಫೋನು ಮಾಡಿದೆ. ಡಾಕ್ಟರಮ್ಮ ಯಲ್ಲಾಪುರದ ದಾರಿಯಲ್ಲಿದ್ದರು. "ಹಿಂದೆ ಬಿಡಿ, ಮುಂಗಾಲು ಬಿಡಿಸಿ. ಕುದ್ರೆ ಮುಂದಿಂದ ಏಳ್ತು" ಎಂದರು.

"ಅಪ್ಪಾ, ಬಾಲ ಬಿಡು" ಎಂದೆ.

"ನನಗ ಕಲಸಬ್ಯಾಡ."

"ಬಿಡು ಅಂದ್ನೆಲ್ಲಾ."

ಹತ್ತು ಜನರ ಮುಂದೆ ಅಪ್ಪನಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವನು ಬಿಟ್ಟ. ನಾವು ಮುಂಗಾಲಿನ ಸುತ್ತ ಕೈಯಲ್ಲೇ ಕೆಸರು ತೋಡಿದೆವು, ಹುಲ್ಲಿನ ಪೆಂಡಿಗಳನ್ನು ಒಂದರ ಮೇಲೊಂದು ಹಾಕಿದೆವು. ನಾನು ಅದರ ತಲೆಯನ್ನು ಎದೆಗೆ ಅವಚಿಕೊಂಡು "ಬಾರವ್ವಾ" ಎನ್ನುತ್ತಲೇ ಇದ್ದೆ. ಕುದುರೆ ಒಂದು ಮುಂಗಾಲು ಪೆಂಡಿಯ ಮೇಲಿಟ್ಟಿತು, ಆಮೇಲೆ ಇನ್ನೊಂದು. ಒಮ್ಮೆ ಕೊಸರಿತು. ಮೇಲೆ ಬಂತು. ಮೈತುಂಬ ಕೆಸರಾಗಿ ನಿಂತಿದ್ದ ಅಪ್ಪ, "ಎಲ್ಲಾ ತಿರವು ಮುರವು ಐತಿ ಇದು" ಎಂದ. ಸೋಲು ಒಪ್ಪುವ ಮಾತಿನಲ್ಲಿ ಅವನಿಂದ ನಾನು ಕೇಳಿದ್ದು ಅಷ್ಟೇ.

ಅಂದಿನಿಂದ ಕುದುರೆ ನನ್ನ ಕೈಯನ್ನು ಮೈಮೇಲೆ ಬಿಟ್ಟುಕೊಂಡಿತು. ಮೆತ್ತಗಿನ ಹತ್ತಿಯ ಹಗ್ಗದಿಂದ ಮುಖಕ್ಕೊಂದು ಕುಣಿಕೆ ಹೆಣೆದೆ. ಅದನ್ನು ಹಾಕಲು ಒಂದು ವಾರ, ಹಾಕಿದ ಮೇಲೆ ಎಳೆಯದೆ ಜೊತೆಗೆ ನಡೆಯುವುದನ್ನು ನಾನು ಕಲಿಯಲು ಎರಡು ವಾರ ಹಿಡಿಯಿತು. ಕಂದು ಕುದುರೆ ಎಲ್ಲಿಗೆ ಹೋದರೆ ಉಳಿದ ನಾಲ್ಕೂ ಅಲ್ಲಿಗೆ. ಪ್ರತಿ ಸಂಜೆ ಬಿಸಿಲಿಳಿಯುವ ಮೊದಲು ಕರೆದು, ಊರ ಹಳೆಯ ಕೊಂಡವಾಡದೊಳಗೆ ಕೂಡಿ, ಬೆಳಿಗ್ಗೆ ಬಿಡುತ್ತಿದ್ದೆ. ತುಡುಗು ದನ ಕೂಡುತ್ತಿದ್ದ ಆ ಕಲ್ಲಿನ ಆವರಣ ಎಷ್ಟೋ ವರ್ಷದಿಂದ ಖಾಲಿ ಬಿದ್ದಿತ್ತು. ಬಿತ್ತನೆಗೆ ಮೊದಲೇ ಹೊಲದ ಕಡೆ ಒಂದು ಗೊರಸೂ ಬರುವುದು ನಿಂತಿತು. ನಾನು ಊರ ತುಂಬ ತಲೆಯೆತ್ತಿ ಓಡಾಡಿದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಕುದುರೆಗಳನ್ನು ಬಿಟ್ಟ ಮೇಲೆ ನಾನು ತಡವಾಗಿ ಕೆರೆಗೆ ಹೋದೆ. ಅಪ್ಪ ಅಲ್ಲಿದ್ದ. ಕುದುರೆಗಳಿಗೆ ಬೆನ್ನು ಹಾಕಿ ಕೂತಿದ್ದ. ಹೋರಿಗಳನ್ನು ನಡುಗಿಸುವ ದನಿಯನ್ನು ಎಲ್ಲೋ ಬಿಟ್ಟುಬಂದವನ ಹಾಗೆ ಮೆಲ್ಲಗೆ, "ಬಾರವ್ವಾ, ಬಾ" ಎಂದ. ಕಂದು ಕುದುರೆ ಬಂದು ಅವನ ಅಂಗೈಯಿಂದ ರೊಟ್ಟಿ ತಿಂದಿತು. ಅವನು ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಂಡ. ನಾನು ಕಾಣಿಸಿಕೊಳ್ಳದೆ ಹಿಂದಿರುಗಿದೆ.

ಹಿರಿಯರ ಬುದ್ಧಿ ನೋಡಿ. ಕುದುರೆ ಹೊಲಕ್ಕೆ ಬರುವುದು ನಿಂತಿತು, ಮಾತು ಮುಗಿಯಿತು ಎಂದು ನಾನು ತಿಳಿದಿದ್ದರೆ, ಅವರು ಇನ್ನೊಂದು ಲೆಕ್ಕ ಹಾಕಿದ್ದರು. ಮುಂಗಾರಿನ ಮೊದಲ ಮಳೆ ಬಿದ್ದ ಮೂರನೆಯ ದಿನ ಕೆರೆಯ ಏರಿಯ ಮೇಲೆ ಲಾರಿ ಬಂದು ನಿಂತಿತು. ವ್ಯಾಪಾರಿಯ ಕಡೆಯ ನಾಲ್ವರು ಹಗ್ಗ ಹಿಡಿದು ಇಳಿದರು. ಬೆಳಿಗ್ಗೆ ಬಿಟ್ಟ ಕುದುರೆಗಳು ಅಂಗಳದಲ್ಲಿ ಮೇಯುತ್ತಿದ್ದವು.

ಹಿರಿಯರು ನನ್ನನ್ನು ಕರೆಸಿ, "ಈಗ ಸಲೀಸಾತು ನೋಡವಾ. ನೀ ಕರದ್ರ ಬರ್ತಾವು. ಕರಿ, ಹತ್ತಸಿಬಿಡೂನು" ಎಂದರು.

ನಾಲ್ಕು ತಿಂಗಳು ಬೆನ್ನು ಹಾಕಿ ಕೂತು ನಾನು ಕಲಿಸಿದ್ದು ಇದಕ್ಕೇ? ಮನುಷ್ಯರನ್ನು ನಂಬು ಎಂದು ಕಲಿಸಿದ್ದು ಲಾರಿ ಹತ್ತಲಿಕ್ಕೇ? ಹಗ್ಗ ಕಾಣದ ಹಾಗೇ ಇದ್ದಿದ್ದರೆ ಅವು ಇವರ ಕೈಗೆ ಸಿಗುತ್ತಿರಲಿಲ್ಲ. ಸಿಗುವ ಹಾಗೆ ಮಾಡಿದವಳು ನಾನು.

"ಹೊಲಕ್ಕ ಬರದಂಗ ಮಾಡಿದ್ರ ಇಲ್ಲೇ ಇರ್ತಾವು ಅಂದಿದ್ರಿ" ಎಂದೆ.

"ಅಂದಿದ್ವಿ. ಮಳಿಗಾಲ ಪೂರ್ತಿ ಇನ್ನ ಮುಂದ ಐತಿ. ನಿನಗೊಂದು ಜ್ವರ ಬಂದ್ರ ಅವನ್ನ ಕೂಡಾವ್ರು ಯಾರು? ಹುಡುಗಾಟ ಬ್ಯಾಡ, ಕರಿ."

"ನಾ ಕರಿಯಂಗಿಲ್ರಿ."

"ಊರ ಮಾತು ಮೀರ್ತೀ ಏನು?"

"ಮಾತು ಮೀರಿದವ್ರು ನೀವು. ನಾ ಕರಿಯಂಗಿಲ್ಲ ಅಂದ್ರ ಕರಿಯಂಗಿಲ್ಲ. ನಿಮ್ಮ ಹಗ್ಗ ಐತಿ, ನಿಮ್ಮ ಕಾಲದಾವು, ಓಡಿ ಹಿಡೀರಿ."

ಓಡಿದರು. ಮಧ್ಯಾಹ್ನದವರೆಗೆ ಓಡಿದರು. ಹಸಿ ನೆಲದಲ್ಲಿ ಜಾರಿ ಬಿದ್ದರು, ಎದ್ದರು. ಕುದುರೆಗಳು ಅವರಿಗೆ ಬಾಲದ ಗಾಳಿಯನ್ನೂ ತಾಗಗೊಡಲಿಲ್ಲ. ಆಗ ಹಿರಿಯರಿಗೆ ಅಪ್ಪ ನೆನಪಾದ. ಹೇಳಿ ಕಳಿಸಿದರು. ಅಪ್ಪ ಹೆಗಲ ಮೇಲೆ ಟವಲು ಹಾಕಿಕೊಂಡು ಬಂದ.

"ನಿಮ್ಮ ದನಿ ಮೀರಿದ ಪ್ರಾಣಿ ಇಲ್ಲ. ನೀವೊಮ್ಮೆ ಕರೀರಿ ಯಜಮಾನ್ರ" ಎಂದರು.

ಅಪ್ಪ ಕರೆದರೆ ಕಂದು ಕುದುರೆ ಬರುತ್ತದೆ ಎಂಬುದು ಅಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಅವನು ನನ್ನ ಕಡೆ ನೋಡಲಿಲ್ಲ. ಏರಿ ಇಳಿದು ಅಂಗಳದ ನಡುವಿಗೆ ಹೋದ. ಅವನನ್ನು ಕಂಡ ಕುದುರೆ ಕಿವಿ ನಿಮಿರಿಸಿ, ಕರೆಯುವ ಮೊದಲೇ ಎರಡು ಹೆಜ್ಜೆ ಅವನತ್ತ ಬಂದಿತು.

ಅಪ್ಪ ಟವಲು ಎಳೆದು ತಲೆಯ ಮೇಲೆ ಬೀಸಿದ. ಹೋರಿ ಬೆದರಿಸುವ ದನಿಯಲ್ಲಿ, ನಲವತ್ತು ವರ್ಷದ ಆ ದನಿಯಲ್ಲಿ, ಎದೆ ಬಿರಿಯುವ ಹಾಗೆ ಅಬ್ಬರಿಸಿದ. ಕುದುರೆ ಮುಂಗಾಲೆತ್ತಿ ನಿಂತು, ತಿರುಗಿ, ಉಳಿದ ನಾಲ್ಕನ್ನೂ ಹಿಂದಿಟ್ಟುಕೊಂಡು ನೀರಿಗೆ ಬಿದ್ದು ಆಚೆ ದಡದ ಗಿಡಗಂಟಿಗಳಲ್ಲಿ ಮರೆಯಾಯಿತು. ಅಪ್ಪ ಇನ್ನೂ ಎರಡು ಸಲ ಕೂಗಿದ. ಏರಿಯ ಮೇಲೆ ಯಾರೋ ನಕ್ಕರು. "ಮುದುಕನ ಕಸುವು ಮುಗೀತು" ಎಂದರು. ಲಾರಿ ಖಾಲಿ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ಅಪ್ಪನ ದನಿ ಬಿದ್ದುಹೋಗಿತ್ತು. "ಎಷ್ಟರ ನಗಲಿ ಬಿಡು" ಎಂದು ಪಿಸುಗುಟ್ಟಿದ. ನಾನು ಅವನ ಕೈ ಹಿಡಿದುಕೊಂಡೆ. ದೊಡ್ಡವಳಾದ ಮೇಲೆ ಹಿಡಿದಿರಲಿಲ್ಲ.

ನಾನು ದಿನವೂ ಆಚೆ ದಡಕ್ಕೆ ಹೋಗಿ ಬೆನ್ನು ಹಾಕಿ ಕೂತೆ. ಒಂಬತ್ತನೆಯ ದಿನ ಕಂದು ಕುದುರೆ ನನ್ನ ಹಿಂದೆ ಬಂದು ನಿಂತಿತು. ಈಗ ಪ್ರತಿ ಸಂಜೆ ಐದೂ ಕೊಂಡವಾಡಕ್ಕೆ ಬರುತ್ತವೆ. ನನಗೆ ಜ್ವರ ಬಂದರೆ ಯಾರು ಎಂದು ಕೇಳಿದ್ದರಲ್ಲ, ನನ್ನ ಗಂಡ ಕಲಿತಿದ್ದಾರೆ. ಲಾರಿ ಮತ್ತೆ ತರಿಸುತ್ತೇವೆ ಎಂದು ಹಿರಿಯರು ಈಗಲೂ ಅನ್ನುತ್ತಾರೆ. ತರಿಸಲಿ. ಏರಿಯ ಮೇಲೆ ನಾನಿರುತ್ತೇನೆ.

ಅಪ್ಪನ ಹತ್ತಿರಕ್ಕೆ ಮಾತ್ರ ಕುದುರೆ ಮತ್ತೆ ಬರಲಿಲ್ಲ. ಅವನು ದಿನವೂ ಹೋಗುತ್ತಾನೆ. ರೊಟ್ಟಿಯನ್ನು ಹುಲ್ಲಿನ ಮೇಲಿಟ್ಟು, ಅದು ಹೆದರದಷ್ಟು ದೂರ ನಡೆದುಹೋಗಿ, ಬೆನ್ನು ಹಾಕಿ ಕೂರುತ್ತಾನೆ.