ರಾಮಾಂಜಿನಿಯ ಪಾಸ್ತಾ

ಜೀನ್ಸ್ ಕಾರ್ಖಾನೆಯ ಕಟಿಂಗ್ ಮಾಸ್ಟರ್ ರಾಮಾಂಜಿನಿ ವಾರಕ್ಕೊಂದು ಸಂಜೆ ಪಾಸ್ತಾ ಮಾಡಲು ನಿಂತನೆಂದರೆ ಸತ್ಯನಾರಾಯಣಪೇಟೆಯ ಆ ಓಣಿಗೆಲ್ಲ ಸುದ್ದಿ. ಬೆಂದ ಪಾಸ್ತಾಕ್ಕೆ ಟೊಮೆಟೊ ಗೊಜ್ಜು ಕಲಸಿ, ಕೈತುಂಬ ಖಾರಪುಡಿ ಉದುರಿಸಿ, ಮೇಲೆ ಚೀಸ್ ತುರಿದು ಓವನ್ನಿಗಿಟ್ಟು, ಹೆರಿಗೆ ಕೋಣೆಯ ಮುಂದೆ ಕಾಯುವವನಂತೆ ಅದರ ಗಾಜಿನೆದುರು ಕುಕ್ಕುರುಗಾಲಲ್ಲಿ ಕೂರುತ್ತಾನೆ. ಬಂದವರಿಗೆಲ್ಲ "ಭಾಳ ಸುಲಭ ಐತ್ರಿ" ಅನ್ನುತ್ತಾನೆ. ಓವನ್ ಗಂಟೆ ಹೊಡೆದದ್ದೇ, "ಆರಿದ್ರ ಚೀಸ್ ಚಕ್ಕಳ ಆಗತೈತಿ, ಲಗೂನ ಬರ್ರಿ!" ಎಂದು ಕೂಗು ಹಾಕುತ್ತಾನೆ. ಆಸ್ಪತ್ರೆಯಿಂದ ಆಗಷ್ಟೇ ಬಂದ ನರ್ಸ್ ಹೆಂಡತಿ ರಾಧಾ, ಟ್ಯೂಷನ್ ಮುಗಿಸಿದ ಮಗಳು ಚೈತ್ರಾ ಇಬ್ಬರೂ ಓಡಿಬರುತ್ತಾರೆ. "ಇಷ್ಟು ಒದ್ದಾಡೋ ಬದ್ಲಿ ಅನ್ನ ಸಾರು ಮಾಡಿದ್ರ ಆಗ್ತಿತ್ತಲ್ರಿ" ಎಂದು ರಾಧಾ ಒಮ್ಮೆ ನಿಂತೇ ತಿನ್ನುತ್ತ ಕೇಳಿದಳು. ರಾಮಾಂಜಿನಿ ತಟ್ಟೆಯಿಂದ ತಲೆಯೆತ್ತಲಿಲ್ಲ. "ಅನ್ನ ಇಟ್ರ ಒಬ್ಬೊಬ್ರು ಒಂದೊಂದು ಹೊತ್ತಿಗೆ ಉಂಡು ಮಲಗ್ತೀರಿ. ನಾ ಯಾರ ಮಾರಿ ನೋಡ್ಲಿ?" ಅಂದ. ರಾಧಾ ತಟ್ಟೆ ಹಿಡಿದು ಅವನ ಪಕ್ಕ ಕುಳಿತಳು.